ಕಾಟಾ ಹೇಳಿದ್ದನ್ನು ಕಂಪ್ಯೂಟರೇ ಕೇಳಿಸಿಕೊಳ್ಳಲಿ

ಹೋದ ಸುಗ್ಗಿಯಲ್ಲಿ ಅಪ್ಪನೂ ನಾನೂ 22 ಚೀಲ ಕಡ್ಡಿ ಮೆಣಸಿನಕಾಯಿ ಹೇರಿಕೊಂಡು ಬ್ಯಾಡಗಿಗೆ ಹೋಗಿದ್ವಿ. ಸೋಮವಾರ. ಮೋಟೆಬೆನ್ನೂರಿನ ಹತ್ತಿರ ಹೈವೇ ಬಿಟ್ಟು ಒಳಗೆ ತಿರುಗಿದ ಕೂಡಲೇ ಘಾಟು ಮೂಗಿಗೆ ಬಡಿಯಿತು. ಲಾಟ್ ಹಚ್ಚಿದ್ದಾಯ್ತು, ಖರೀದಿದಾರರು ಬಂದು ಕೈಯಲ್ಲಿ ಮುರಿದು ಬಣ್ಣ ನೋಡಿ ಹೋದದ್ದಾಯ್ತು, ಇ-ಟೆಂಡರ್ ಮುಗಿದು ದರ ಗೊತ್ತಾಯ್ತು. ಕ್ವಿಂಟಾಲ್‌ಗೆ 18,000. ಅಪ್ಪನ ಮುಖದಲ್ಲಿ ಸಮಾಧಾನ ಕಾಣಿಸಿತು.

ಆಮೇಲೆ ತೂಕ. ಎಲೆಕ್ಟ್ರಾನಿಕ್ ಕಾಟಾ ಮೇಲೆ ಹಮಾಲರು ಚೀಲ ಇಡೋದು, ಒಬ್ಬ ಗಟ್ಟಿಯಾಗಿ ತೂಕ ಕೂಗೋದು, ಗುಮಾಸ್ತ ಚೀಟಿ ಮೇಲೆ ಬರೆದುಕೊಳ್ಳೋದು. ಆ ಚೀಟಿ ಒಳಗೆ ಹೋಗುತ್ತೆ, ಅಲ್ಲಿ ಇನ್ನೊಬ್ಬ ಹುಡುಗ ಅದನ್ನ ನೋಡಿ ಕಂಪ್ಯೂಟರ್‌ಗೆ ಹೊಡೀತಾನೆ, ಪಟ್ಟಿ ಹೊರಗೆ ಬರುತ್ತೆ. ಅಪ್ಪನಿಗೆ ಒಂದು ಹಳೇ ಚಟ ಇದೆ. ಪ್ರತಿ ಚೀಲದ ತೂಕವನ್ನ ತನ್ನ ಜೇಬಿನ ಪುಸ್ತಕದಲ್ಲೂ ಬರ್ಕೋತಾನೆ. ನಾನು ನಗ್ತಿದ್ದೆ. 'ಅಪ್ಪಾ, ಎಲ್ಲಾ ಕಂಪ್ಯೂಟರ್ ಆಗೇತಿ, ನೀ ಯಾಕ ಬರೀತಿ?'

ಪಟ್ಟಿ ಕೈಗೆ ಬಂದಾಗ ಅಪ್ಪ ಬೆರಳಿಟ್ಟು ಒಂದೊಂದೇ ಸಾಲು ನೋಡಿದ. ಹದಿನಾಲ್ಕನೇ ಚೀಲದಲ್ಲಿ ಬೆರಳು ನಿಂತಿತು. ಅಪ್ಪನ ಪುಸ್ತಕದಲ್ಲಿ 43.4, ಪಟ್ಟಿಯಲ್ಲಿ 34.4. ಒಂಬತ್ತು ಕಿಲೋ. ಅವತ್ತಿನ ದರಕ್ಕೆ 1,620 ರೂಪಾಯಿ.

ಅಂಗಡಿಯವರು ಜಗಳ ಆಡಲಿಲ್ಲ. 'ತಪ್ಪಾತ್ರೀ ಯಜಮಾನ್ರ, ಸರಿ ಮಾಡಿಸ್ತೀನಿ' ಅಂದರು, ಮಾಡಿಸಿದರು. ಅದು ಮೋಸ ಅಲ್ಲ ಅಂತ ನಾನು ಈಗಲೂ ನಂಬ್ತೀನಿ. ಗದ್ದಲದಲ್ಲಿ ನಲವತ್ಮೂರು ಅನ್ನೋದು ಮೂವತ್ನಾಲ್ಕು ಅಂತ ಕಿವಿಗೆ ಬೀಳೋದಕ್ಕೆ ಯಾರೂ ಕಳ್ಳ ಆಗಬೇಕಿಲ್ಲ. ಆದರೆ ವಾಪಸ್ ಬರುವಾಗ ಗಾಡಿಯಲ್ಲಿ ಅಪ್ಪ ಒಂದು ಮಾತು ಹೇಳಿದ: 'ನಾ ಬರದಿಟ್ಟಿದ್ನೆಪಾ, ಅದಕ್ಕ ಸಿಕ್ತು. ಬರೀಲಾರದವ್ರದು ಏನಾಗಿರಬೇಕು?'

ಆ ಪ್ರಶ್ನೆಗೆ ನನ್ನ ಉತ್ತರವೇ ಈ ಲೇಖನ. ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿ, ರಾಣೆಬೆನ್ನೂರು ತಾಲ್ಲೂಕಿನ ನಮ್ಮೂರಿಗೆ ವಾಪಸ್ ಬಂದು ಒಕ್ಕಲುತನ ಮಾಡ್ತಿರೋನು. ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡ್ತೀನಿ: ಕಂಪ್ಯೂಟರ್ ಪಟ್ಟಿ ಕೊಡೋ ಯಾವ ಜಾಗದಲ್ಲೂ ತೂಕದ ಸಂಖ್ಯೆಯನ್ನ ಮನುಷ್ಯ ಟೈಪ್ ಮಾಡಬಾರದು. ಕಾಟಾ ಹೇಳಬೇಕು, ಕಂಪ್ಯೂಟರ್ ಕೇಳಿಸಿಕೊಳ್ಳಬೇಕು. ನಡುವೆ ಒಂದು ಕೇಬಲ್ ಸಾಕು. ಆ ಕೇಬಲ್ ಹಾಕೋದು ಹೇಗೆ, ಹಾಕಿದ ಮೇಲೂ ಏನನ್ನ ನಂಬಬಾರದು ಅನ್ನೋದು ನಮ್ಮ ವಯಸ್ಸಿನ ರೈತರಿಗೆ ಗೊತ್ತಿರಬೇಕು.

ಡೈರಿಯಲ್ಲಿ ಇದೆ, ಮಂಡಿಯಲ್ಲಿ ಯಾಕಿಲ್ಲ?

ಇದು ಚಂದ್ರಲೋಕದ ತಂತ್ರಜ್ಞಾನ ಅಲ್ಲ. ನಿಮ್ಮೂರಿನ ಹಾಲಿನ ಡೈರಿಗೆ ಒಮ್ಮೆ ಹೋಗಿ ನೋಡಿ. ರಾಜ್ಯದ ಎಷ್ಟೋ ಹಾಲು ಸಂಘಗಳಲ್ಲಿ ಹಾಲಿನ ತೂಕದ ಯಂತ್ರ, ಫ್ಯಾಟ್ ನೋಡೋ ಅನಲೈಸರ್ ಎರಡೂ ಕೇಬಲ್ ಮೂಲಕ ಒಂದು ಪೆಟ್ಟಿಗೆಗೋ ಕಂಪ್ಯೂಟರ್‌ಗೋ ಸೇರಿರುತ್ತವೆ. ಅವ್ವ ಕ್ಯಾನ್ ಇಟ್ಟ ಕೂಡಲೇ ಎಷ್ಟು ಲೀಟರ್, ಎಷ್ಟು ಫ್ಯಾಟ್, ಎಷ್ಟು ಎಸ್‌ಎನ್‌ಎಫ್, ಎಷ್ಟು ರೂಪಾಯಿ ಅಂತ ಚೀಟಿ ಹೊರಗೆ ಬರುತ್ತೆ. ಯಾರೂ ಕೂಗಲ್ಲ, ಯಾರೂ ಬರೆಯಲ್ಲ. ಮೂರು ಲೀಟರ್ ಹಾಲಿಗೆ ಇಷ್ಟು ಮರ್ಯಾದೆ ಕೊಟ್ಟಿದ್ದೀವಿ. ವರ್ಷದ ದುಡಿಮೆಯ ಮೆಣಸಿನಕಾಯಿಗೆ ಮಾತ್ರ ಇನ್ನೂ ಕೂಗು, ಚೀಟಿ, ಟೈಪು.

ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿದೆ. ಅದರ ಬಣ್ಣ ತೆಗೆದು ದೇಶ ವಿದೇಶಕ್ಕೆ ಕಳಿಸ್ತಾರೆ, ಆ ಬಣ್ಣವನ್ನ ಪ್ರಯೋಗಾಲಯದಲ್ಲಿ ಯಂತ್ರ ಇಟ್ಟು ಅಳೀತಾರೆ. ಅಂಥ ಬೆಳೆಯ ತೂಕ ಮಾತ್ರ ಕಿವಿಯಿಂದ ಕಿವಿಗೆ ಯಾಕೆ ಹೋಗಬೇಕು?

2024ರ ಮಾರ್ಚ್ 11 ನಮಗೆಲ್ಲ ನೆನಪಿದೆ. ದರ ಕುಸಿದ ಸಿಟ್ಟಿಗೆ ಬ್ಯಾಡಗಿ ಎಪಿಎಂಸಿಯಲ್ಲಿ ಕಲ್ಲು ಬಿದ್ದವು, ಕಚೇರಿಗೆ ಬೆಂಕಿ ಬಿತ್ತು, ವಾಹನಗಳು ಸುಟ್ಟವು. ಆ ಜಗಳ ದರದ್ದು, ತೂಕದ್ದಲ್ಲ, ಅದನ್ನ ಒಂದಕ್ಕೊಂದು ಗಂಟು ಹಾಕೋದು ತಪ್ಪು. ನಾನು ಹೇಳೋದು ಇಷ್ಟೇ: ದರ ಮಾರುಕಟ್ಟೆಯ ಕೈಯಲ್ಲಿದೆ, ದಿನಕ್ಕೊಂದು ಥರ ಆಡುತ್ತೆ. ತೂಕ ಹಂಗಲ್ಲ. ತೂಕ ಒಂದೇ ಇರುತ್ತೆ. ಕಣ್ಣಿಗೆ ಕಾಣುವ ಈ ಒಂದು ವಿಷಯದಲ್ಲಾದರೂ ಅನುಮಾನಕ್ಕೆ ಜಾಗ ಬಿಡಬಾರದು. ನಂಬಿಕೆ ಚಿಕ್ಕ ಚಿಕ್ಕ ಚೀಟಿಗಳಲ್ಲೇ ಹುಟ್ಟೋದು, ಅಲ್ಲೇ ಸಾಯೋದು.

ಕಾಟಾ ಹಿಂದೆ ಇರೋ ಒಂಬತ್ತು ಸೂಜಿ

ಮುಂದಿನ ಸಲ ಮಂಡಿಗೆ ಹೋದಾಗ ಕಾಟಾದ ಡಿಸ್‌ಪ್ಲೇ ಪೆಟ್ಟಿಗೆಯ ಹಿಂಭಾಗ ನೋಡಿ. ಇಂಗ್ಲಿಷಿನ 'ಡಿ' ಅಕ್ಷರದ ಆಕಾರದ, ಒಂಬತ್ತು ಪಿನ್ನಿನ ಒಂದು ಕಿಂಡಿ ಹಲವು ಯಂತ್ರಗಳಲ್ಲಿ ಇರುತ್ತೆ. ಅದೇ ಸೀರಿಯಲ್ ಪೋರ್ಟ್. ನಾನು ನೋಡಿದ ಕಾಟಾಗಳಲ್ಲಿ ಹೆಚ್ಚಿನವಕ್ಕೆ ಅಲ್ಲಿ ಏನೂ ಚುಚ್ಚಿರಲಿಲ್ಲ. ಒಂದರಲ್ಲಂತೂ ಮೆಣಸಿನಕಾಯಿ ಪುಡಿ ತುಂಬಿ ಕೆಂಪಗಾಗಿತ್ತು. ಬಾಯಿ ಇದೆ, ಯಾರೂ ಮಾತಾಡಿಸಿಲ್ಲ.

ಈ ಪೋರ್ಟಿನ ಪದ್ಧತಿಗೆ ಆರ್‌ಎಸ್-232 ಅಂತ ಹೆಸರು. 1960ರಲ್ಲಿ ಅಮೆರಿಕದಲ್ಲಿ ಟೆಲಿಪ್ರಿಂಟರ್, ಮೋಡೆಮ್‌ಗಳಿಗೆ ಅಂತ ಹುಟ್ಟಿದ್ದು. ನಮ್ಮ ಲ್ಯಾಪ್‌ಟಾಪ್‌ಗಳಿಂದ ಮಾಯವಾಗಿ ವರ್ಷಗಳಾದವು. ಆದರೆ ತೂಕದ ಯಂತ್ರ, ವೇಬ್ರಿಡ್ಜ್, ಹಾಲಿನ ಅನಲೈಸರ್, ತೇವಾಂಶದ ಮೀಟರ್, ಪ್ರಯೋಗಾಲಯದ ಉಪಕರಣಗಳಲ್ಲಿ ಇನ್ನೂ ಗಟ್ಟಿಯಾಗಿ ಕೂತಿದೆ. ಕಾರಣ ಸರಳ. ಮೂರು ತಂತಿ ಇದ್ದರೆ ಕೆಲಸ ನಡೆಯುತ್ತೆ: ಒಂದು ಹೇಳೋಕೆ, ಒಂದು ಕೇಳೋಕೆ, ಒಂದು ಗ್ರೌಂಡ್.

ಸೀರಿಯಲ್ ಅಂದರೆ ಸಾಲಾಗಿ ಅಂತ. ಇಡೀ ಸಂಖ್ಯೆ ಒಮ್ಮೆಗೇ ಹೋಗಲ್ಲ, ಒಂದು ಬಿಟ್ ಆದ ಮೇಲೆ ಒಂದು ಬಿಟ್ ಹೋಗುತ್ತೆ. ಕಣದಲ್ಲಿ ರಾಶಿ ಅಳೆಯುವಾಗ ನಮ್ಮಜ್ಜ ಮೊದಲ ಅಳತೆಗೆ 'ಒಂದು' ಅಂತಿರಲಿಲ್ಲ, 'ಲಾಭ' ಅಂತಿದ್ದ. ಆ ಶಬ್ದ ಕೇಳಿದ ಕೂಡಲೇ ಎಣಿಕೆ ಶುರುವಾಯ್ತು ಅಂತ ಎಲ್ಲರಿಗೂ ಗೊತ್ತಾಗ್ತಿತ್ತು. ಸೀರಿಯಲ್ ಪೋರ್ಟಿನಲ್ಲೂ ಹಾಗೇ. ಪ್ರತಿ ಅಕ್ಷರಕ್ಕೆ ಮೊದಲು ಒಂದು ಸ್ಟಾರ್ಟ್ ಬಿಟ್, ಅದು ಇಲ್ಲಿಯ 'ಲಾಭ'. ಆಮೇಲೆ ಸಾಮಾನ್ಯವಾಗಿ 8 ಡೇಟಾ ಬಿಟ್, ಕೊನೆಗೆ ಒಂದು ಸ್ಟಾಪ್ ಬಿಟ್. ಒಟ್ಟು ಹತ್ತು. ವೇಗ 9600 ಬಾಡ್ ಇದ್ದರೆ ಸೆಕೆಂಡಿಗೆ 960 ಅಕ್ಷರ. ಚೀಲದ ತೂಕ ಹೇಳೋ ಒಂದು ಸಾಲಿಗೆ ಇಪ್ಪತ್ತು ಅಕ್ಷರ ಸಾಕು. ಹಮಾಲ ಉಸಿರು ಬಿಡೋದರೊಳಗೆ ಅದು ಕಂಪ್ಯೂಟರ್ ಸೇರಿರುತ್ತೆ.

ಜೋಡಿಸೋದು ಹೇಗೆ

ಮೊದಲು ಒಂದು ಎಚ್ಚರಿಕೆ. ಕಾಟಾದ ಪೆಟ್ಟಿಗೆಗೆ ಇಲಾಖೆಯ ಸೀಲ್ ಇರುತ್ತೆ. ಹೊರಗಿನ ಪೋರ್ಟ್‌ಗೆ ಕೇಬಲ್ ಹಾಕೋದಕ್ಕೆ ಪೆಟ್ಟಿಗೆ ಬಿಚ್ಚೋ ಅಗತ್ಯ ಇಲ್ಲ. ಪೋರ್ಟ್ ಇಲ್ಲದಿದ್ದರೆ ನೀವೇ ಸ್ಕ್ರೂಡ್ರೈವರ್ ಹಿಡಿಯಬೇಡಿ. ಸೀಲ್ ಒಡೆದು ರಿಪೇರಿ ಮಾಡೋಕೆ ಲೈಸೆನ್ಸ್ ಇದ್ದವರೇ ಆಗಬೇಕು.

ಇನ್ನು ಕೇಬಲ್. ಕಂಪ್ಯೂಟರ್ ಕಡೆಯ ಒಂಬತ್ತು ಪಿನ್ನಿನಲ್ಲಿ 2ನೇದು ಕೇಳೋದು, 3ನೇದು ಹೇಳೋದು, 5ನೇದು ಗ್ರೌಂಡ್. ಕಾಟಾ ಕಡೆ ಯಾವ ಪಿನ್ ಯಾವುದಕ್ಕೆ ಅನ್ನೋದು ಕಂಪನಿಯಿಂದ ಕಂಪನಿಗೆ ಬೇರೆ, ಅದರ ಮ್ಯಾನ್ಯುಯಲ್ ನೋಡಲೇಬೇಕು. ನಿಯಮ ಒಂದೇ: ಇವನು ಹೇಳೋ ತಂತಿ ಅವನು ಕೇಳೋ ಪಿನ್ನಿಗೆ ಹೋಗಬೇಕು. ಇಬ್ಬರ ಬಾಯಿಯನ್ನೂ ಎದುರುಬದುರು ಕಟ್ಟಿದರೆ ಯಾರಿಗೂ ಏನೂ ಕೇಳಲ್ಲ. ಹಾಗಾಗಿ ನೇರ ಕೇಬಲ್‌ನಲ್ಲಿ ಏನೂ ಬರದಿದ್ದರೆ 2 ಮತ್ತು 3 ಅದಲು ಬದಲು ಇರೋ ಕ್ರಾಸ್ ಕೇಬಲ್ ಹಾಕಿ ನೋಡಿ.

ಲ್ಯಾಪ್‌ಟಾಪ್‌ಗೆ ಯುಎಸ್‌ಬಿ-ಸೀರಿಯಲ್ ಕನ್ವರ್ಟರ್ ಬೇಕು. ಕೆಲವು ನೂರು ರೂಪಾಯಿಗೆ ಸಿಗುತ್ತೆ. ನಾನು ಹಾವೇರಿಯ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ತಂದೆ. ಚುಚ್ಚಿದ ಮೇಲೆ ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ಪೋರ್ಟ್ಸ್ ಅನ್ನೋ ಸಾಲು ತೆಗೆದರೆ ಕಾಮ್ 3, ಕಾಮ್ 5 ಹೀಗೆ ಒಂದು ನಂಬರ್ ಕಾಣುತ್ತೆ. ಬರದಿದ್ದರೆ ಡ್ರೈವರ್ ಹಾಕಬೇಕು. ಕನ್ವರ್ಟರನ್ನ ಇವತ್ತು ಒಂದು ಕಿಂಡಿಗೆ, ನಾಳೆ ಇನ್ನೊಂದು ಕಿಂಡಿಗೆ ಚುಚ್ಚಿದರೆ ಈ ನಂಬರ್ ಬದಲಾಗಬಹುದು. 'ನಿನ್ನೆ ಬರ್ತಿತ್ತು, ಇವತ್ತು ಬರ್ತಾ ಇಲ್ಲ' ಅನ್ನೋ ದೂರಿಗೆ ಬಹಳ ಸಲ ಇದೇ ಕಾರಣ. ಒಂದೇ ಕಿಂಡಿಗೆ ಹಾಕಿ, ಪಕ್ಕದಲ್ಲಿ ಟೇಪ್ ಅಂಟಿಸಿ ನಂಬರ್ ಬರೆದಿಡಿ.

ಆಮೇಲೆ ಹೊಂದಾಣಿಕೆ. ಜೋಡೆತ್ತು ಒಂದೇ ಹೆಜ್ಜೆ ಹಾಕಿದರೆ ಮಾತ್ರ ಸಾಲು ನೆಟ್ಟಗೆ ಬರುತ್ತೆ. ಇಲ್ಲೂ ಕಾಟಾ ಮತ್ತು ಕಂಪ್ಯೂಟರ್ ನಾಲ್ಕು ವಿಷಯದಲ್ಲಿ ಒಂದಾಗಬೇಕು: ಬಾಡ್ ವೇಗ, ಡೇಟಾ ಬಿಟ್, ಪ್ಯಾರಿಟಿ, ಸ್ಟಾಪ್ ಬಿಟ್. 9600, 8, ನನ್, 1 ಅನ್ನೋದು ಬಹಳ ಕಡೆ ನಡೆಯುತ್ತೆ. ಕೆಲವು ಯಂತ್ರ 2400 ಅಥವಾ 4800ರಲ್ಲಿ, ಕೆಲವು 7 ಬಿಟ್ ಮತ್ತು ಈವನ್ ಪ್ಯಾರಿಟಿಯಲ್ಲಿ ಇರುತ್ತವೆ. ಕಾಟಾದ ಮೆನುವಿನಲ್ಲಿ ಅಥವಾ ಮ್ಯಾನ್ಯುಯಲ್‌ನಲ್ಲಿ ಇದು ಸಿಗುತ್ತೆ.

ಬಿಲ್ಲಿಂಗ್ ಸಾಫ್ಟ್‌ವೇರ್‌ಗೆ ಕೈ ಹಾಕೋ ಮೊದಲು ಪುಟ್ಟಿಯಂಥ ಒಂದು ಟರ್ಮಿನಲ್ ಪ್ರೋಗ್ರಾಂ ತೆಗೆದು, ಬರ್ತಿರೋದನ್ನ ಹಾಗೇ ಕಣ್ಣಲ್ಲಿ ನೋಡಿ. ಇದನ್ನ ತಪ್ಪಿಸಬೇಡಿ. ಪೋರ್ಟಿನ ಅರ್ಧ ರೋಗ ಅಲ್ಲೇ ಗೊತ್ತಾಗುತ್ತೆ. ಅರ್ಥವಿಲ್ಲದ ಚಿಹ್ನೆಗಳು ಸುರಿದರೆ ವೇಗ ತಪ್ಪಿದೆ. ಕೆಲವು ಅಕ್ಷರ ಸರಿ, ಕೆಲವು ವಕ್ರ ಬಂದರೆ 7-8 ಬಿಟ್ ಅಥವಾ ಪ್ಯಾರಿಟಿ ತಪ್ಪಿದೆ. ಏನೂ ಬರದಿದ್ದರೆ ತಂತಿ ಅದಲು ಬದಲಾಗಿದೆ, ಇಲ್ಲವೇ ನಿಮ್ಮ ಕಾಟಾ ತಾನಾಗಿ ಮಾತಾಡೋ ಜಾತಿಯದ್ದಲ್ಲ. ಕೆಲವು ಯಂತ್ರ ಬಿಡದೆ ತೂಕ ಕಳಿಸ್ತಾನೇ ಇರುತ್ತವೆ, ಕೆಲವು ಪ್ರಿಂಟ್ ಬಟನ್ ಒತ್ತಿದಾಗ ಮಾತ್ರ, ಕೆಲವು ಕಂಪ್ಯೂಟರ್ ಕೇಳಿದಾಗ ಮಾತ್ರ. 'ಪೋರ್ಟ್ ಬಿಜಿ' ಅಥವಾ 'ಆಕ್ಸೆಸ್ ಡಿನೈಡ್' ಅಂತ ಬಂದರೆ ಇನ್ಯಾವುದೋ ಪ್ರೋಗ್ರಾಂ ಆ ಪೋರ್ಟ್ ಹಿಡಿದು ಕೂತಿದೆ ಅಂತ ಅರ್ಥ. ವಿಂಡೋಸ್‌ನಲ್ಲಿ ಒಂದು ಪೋರ್ಟನ್ನ ಒಂದು ಹೊತ್ತಿಗೆ ಒಂದೇ ಪ್ರೋಗ್ರಾಂ ತೆಗೀಬಹುದು. ಟರ್ಮಿನಲ್ ಮುಚ್ಚಿ ಆಮೇಲೆ ಬಿಲ್ಲಿಂಗ್ ಶುರು ಮಾಡಿ.

ಮೊಬೈಲ್‌ನಲ್ಲಿ ಆಗಲ್ವಾ ಅಂತ ಕೇಳ್ತೀರಿ. ಆಗುತ್ತೆ. ಒಟಿಜಿ ಇರೋ ಆಂಡ್ರಾಯ್ಡ್ ಫೋನ್‌ಗೆ ಅದೇ ಕನ್ವರ್ಟರ್ ಚುಚ್ಚಿ, ಸೀರಿಯಲ್ ಟರ್ಮಿನಲ್ ಆ್ಯಪ್ ಹಾಕಿಕೊಂಡರೆ ಕಾಟಾದ ಸಾಲುಗಳು ಫೋನಿನಲ್ಲೇ ಕಾಣುತ್ತವೆ, ಸೇವ್ ಕೂಡ ಆಗುತ್ತವೆ. ನಾನು ಮೊದಲು ಕಲಿತದ್ದೇ ಹಾಗೆ, ಮನೆಯ ಪಡಸಾಲೆಯಲ್ಲಿ, ಬಾಡಿಗೆಗೆ ತಂದ ಕಾಟಾ ಮೇಲೆ ಗೊಬ್ಬರದ ಚೀಲ ಇಟ್ಟು.

ಇನ್ನೆರಡು ಸಣ್ಣ ಮಾತು. ಆರ್‌ಎಸ್-232 ಕೇಬಲ್ ಸುಮಾರು 15 ಮೀಟರ್ ಒಳಗಿದ್ದರೆ ಒಳ್ಳೇದು. ವೇಬ್ರಿಡ್ಜ್ ಅಲ್ಲೆಲ್ಲೋ, ಆಫೀಸು ಇಲ್ಲೆಲ್ಲೋ ಇದ್ದರೆ ಆರ್‌ಎಸ್-485 ಅನ್ನೋ ಪದ್ಧತಿ ಬೇಕು, ಅದು ಸಾವಿರ ಮೀಟರ್ ದಾಟಿಯೂ ಹೋಗಬಲ್ಲದು. ಎರಡನೇದು, ಆರ್ಡುಯಿನೊ, ಇಎಸ್‌ಪಿ-32 ಇಟ್ಟುಕೊಂಡು ಆಟ ಆಡೋ ತಮ್ಮಂದಿರಿಗೆ: ಕಾಟಾದ ತಂತಿಯನ್ನ ಆ ಬೋರ್ಡಿಗೆ ನೇರ ಚುಚ್ಚಬೇಡಿ. ಆರ್‌ಎಸ್-232ನಲ್ಲಿ ವೋಲ್ಟೇಜ್ ಪ್ಲಸ್ಸಿಗೂ ಮೈನಸ್ಸಿಗೂ ಓಡಾಡುತ್ತೆ, ಬೋರ್ಡ್ ಸುಟ್ಟು ಹೋಗುತ್ತೆ. ನಡುವೆ ಮ್ಯಾಕ್ಸ್-232ರಂಥ ಚಿಪ್ ಇರೋ ಸಣ್ಣ ಮಾಡ್ಯೂಲ್ ಇರಲಿ.

ನನ್ನ ತಪ್ಪು, 37 ಚೀಲದ ಪಾಠ

ಈಗ ನನ್ನ ಮೇಲೇ ಒಂದು ಕಥೆ. ರಾಣೆಬೆನ್ನೂರು ಕಡೆ ನಾವು ಕೆಲವು ರೈತರು ಸೇರಿ ಗೋವಿನಜೋಳ ಒಟ್ಟಿಗೆ ಮಾರೋಣ ಅಂತ ಮಾಡಿದ್ವಿ. ಕಾಟಾ ಬಾಡಿಗೆಗೆ ತಂದ್ವಿ, ಲ್ಯಾಪ್‌ಟಾಪ್ ನಂದು. ಪೈಥಾನ್‌ನಲ್ಲಿ ಇಪ್ಪತ್ತು ಸಾಲಿನ ಪ್ರೋಗ್ರಾಂ ಬರೆದೆ. ಚೀಲ ಇಟ್ಟ ಕೂಡಲೇ ತೂಕ ತಾನಾಗಿ ಸ್ಕ್ರೀನ್ ಮೇಲೆ, ಎಕ್ಸೆಲ್ ಒಳಗೆ. ಎಲ್ಲರೂ ನನ್ನ ಬೆನ್ನು ತಟ್ಟಿದರು. ನಾನೂ ಉಬ್ಬಿದೆ.

ಮಧ್ಯಾಹ್ನದ ಹೊತ್ತಿಗೆ ಒಬ್ಬ ಹಿರಿಯ ಹಮಾಲಣ್ಣ ಬೆವರು ಒರೆಸಿಕೊಳ್ತಾ ಹೇಳಿದ: 'ತಮ್ಮಾ, ಎಲ್ಲಾ ಚೀಲಾನೂ ಒಂದೊಂದು ಕಿಲೋ ಹೆಚ್ಚಿಗಿ ಬರಾಕತ್ತಾವಲ್ಲೋ. ನನ್ನ ಹೆಗಲಿಗೆ ಹಂಗ ಅನಸವಲ್ದು.'

ನಾನು ನಂಬಲಿಲ್ಲ. 'ಕಂಪ್ಯೂಟರ್ ತಪ್ಪಂಗಿಲ್ಲಣ್ಣ' ಅಂದೆ. ಆದರೂ ಮನಸ್ಸು ತಡೀಲಿಲ್ಲ. ಒಂದು ಚೀಲ ಮತ್ತೆ ಇಡಿಸಿ ಡಿಸ್‌ಪ್ಲೇ ನೋಡಿದೆ. ಚೀಲ ಬಿದ್ದ ರಭಸಕ್ಕೆ ಅಂಕಿ 61.8ಕ್ಕೆ ಜಿಗಿದು, ತೂಗಾಡಿ, ಕೊನೆಗೆ 60.6ಕ್ಕೆ ನಿಂತಿತು. ನನ್ನ ಪ್ರೋಗ್ರಾಂ ಕಣ್ಣು ಮುಚ್ಚಿಕೊಂಡು ಮೊದಲು ಜಿಗಿದ ಅಂಕಿಯನ್ನೇ ಹಿಡೀತಿತ್ತು.

ಕಾಟಾ ಸುಳ್ಳು ಹೇಳಿರಲಿಲ್ಲ. ಹಲವು ಯಂತ್ರಗಳು ತೂಕದ ಜೊತೆಗೆ ಒಂದು ಗುರುತನ್ನೂ ಕಳಿಸುತ್ತವೆ. ಅಂಕಿ ನಿಂತಿದ್ದರೆ 'ಎಸ್‌ಟಿ', ಇನ್ನೂ ಅಲುಗಾಡ್ತಿದ್ದರೆ 'ಯುಎಸ್'. ಆ ಕಾಟಾ ಕೂಡ 'ಇನ್ನೂ ನಿಂತಿಲ್ಲ, ತಾಳು' ಅಂತ ಪ್ರತಿ ಸಾಲಿನಲ್ಲೂ ಹೇಳ್ತಿತ್ತು. ನಾನು ಆ ಎರಡಕ್ಷರ ಕತ್ತರಿಸಿ ಬಿಸಾಕಿ, ಬರೀ ಅಂಕಿ ಇಟ್ಟುಕೊಂಡಿದ್ದೆ.

ಅವತ್ತು 37 ಚೀಲ ಮತ್ತೆ ತೂಗಿದ್ವಿ. ಹೆಚ್ಚಿಗೆ ಬಂದದ್ದು ನಮ್ಮ ಕಡೆಗೇ, ಸುಮ್ಮನಿದ್ದರೆ ದುಡ್ಡು ನಮ್ಮದೇ. ಒಂದಿಬ್ಬರು ಹಾಗಂತ ಗೊಣಗಿದರು ಕೂಡ. ಆದರೆ ನಾಳೆ ಅಲುಗಾಟ ಇನ್ನೊಂದು ಕಡೆಗೆ ಬಾಗಿದರೆ ಯಾವ ಬಾಯಲ್ಲಿ ಕೇಳೋದು? ಮತ್ತೆ ತೂಗಿದ ಹಮಾಲರಿಗೆ ಕೂಲಿ ನನ್ನ ಜೇಬಿಂದ ಕೊಟ್ಟೆ. ಅದು ನನ್ನ ಫೀಸು ಅಂತ ತಿಳ್ಕೊಂಡೆ.

ಅವತ್ತಿನಿಂದ ನನ್ನ ಪ್ರೋಗ್ರಾಂ ನಾಲ್ಕು ಕೆಲಸ ಮಾಡುತ್ತೆ. ಅಂಕಿ ನಿಂತಿದೆ ಅನ್ನೋ ಗುರುತು ಬರೋವರೆಗೂ ಕಾಯುತ್ತೆ. ಚೀಲ ಇಳಿದು ಕಾಟಾ ಸೊನ್ನೆಗೆ ಬಾರದೆ ಮುಂದಿನ ತೂಕ ತಗೊಳಲ್ಲ, ಇಲ್ಲದಿದ್ದರೆ ಒಂದೇ ಚೀಲ ಎರಡು ಸಲ ಎಣಿಕೆಯಾಗುತ್ತೆ. ದಶಮಾಂಶದ ಚುಕ್ಕಿ, ಕೆಜಿ ಅನ್ನೋ ಅಕ್ಷರ ಎರಡೂ ಇದ್ದರೆ ಮಾತ್ರ ಸಾಲನ್ನ ಒಪ್ಪುತ್ತೆ, ಅರ್ಧ ಬಂದ ಸಾಲನ್ನ ಬಿಡುತ್ತೆ. ಮತ್ತು ಕಾಟಾ ಕಳಿಸಿದ ಮೂಲ ಸಾಲನ್ನ ಗಂಟೆ-ನಿಮಿಷದ ಜೊತೆ ಬೇರೆ ಫೈಲಿನಲ್ಲಿ ಹಾಗೇ ಇಡುತ್ತೆ. ನಾಳೆ ಜಗಳ ಬಂದರೆ ತೆಗೆದು ತೋರಿಸೋಕೆ.

ಕೇಬಲ್‌ಗೆ ಕೈ ಮುಗೀಬೇಡಿ

ಹಾಗಾಗಿ ಕೇಬಲ್ ಹಾಕಿದ ಕೂಡಲೇ ರಾಮರಾಜ್ಯ ಬರುತ್ತೆ ಅಂತ ನಾನು ಹೇಳಲ್ಲ. ಕೇಬಲ್ ಮಾಡೋದು ಒಂದೇ ಕೆಲಸ: ಡಿಸ್‌ಪ್ಲೇಗೂ ಪಟ್ಟಿಗೂ ನಡುವೆ ಇರೋ ಬಾಯಿ, ಕಿವಿ, ಕೈ ಮೂರನ್ನೂ ತೆಗೆಯುತ್ತೆ. ಕಾಟಾನೇ ತಪ್ಪು ತೂಗಿದರೆ ಕೇಬಲ್ ಆ ತಪ್ಪನ್ನ ಅಷ್ಟೇ ನಿಯತ್ತಾಗಿ ಹೊತ್ತು ತರುತ್ತೆ.

ಅದಕ್ಕೇ ಮಂಡಿಯಲ್ಲಿ ಐದು ವಿಷಯ ನೋಡಿ. ಒಂದು, ಖಾಲಿ ಕಾಟಾ ಸೊನ್ನೆ ತೋರಿಸ್ತಿದೆಯಾ. ಎರಡು, ಮುದ್ರೆಯ ದಿನಾಂಕ. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯಡಿ ಬಂದ ನಿಯಮಗಳ ಪ್ರಕಾರ ಎಲೆಕ್ಟ್ರಾನಿಕ್ ತೂಕದ ಯಂತ್ರ 12 ತಿಂಗಳಿಗೊಮ್ಮೆ ಪರಿಶೀಲನೆ ಆಗಿ ಮುದ್ರೆ ಬೀಳಬೇಕು. ಪ್ರಮಾಣಪತ್ರ ಕಾಣೋ ಜಾಗದಲ್ಲಿರಬೇಕು, ಕೇಳೋಕೆ ಸಂಕೋಚ ಬೇಡ. ಮೂರು, ಗೊತ್ತಿರೋ ಒಂದು ತೂಕ ಇಟ್ಟು ನೋಡಿ. ಮುದ್ರೆ ಬಿದ್ದ 20 ಕೆಜಿ ಕಲ್ಲು ಇದ್ದರೆ ಅದನ್ನ ಕಾಟಾದ ನಾಲ್ಕು ಮೂಲೆಯಲ್ಲಿ ಇಡಿಸಿ. ನಾಲ್ಕೂ ಕಡೆ ಒಂದೇ ತೋರಿಸಬೇಕು. ನಾಲ್ಕು, ಖಾಲಿ ಚೀಲಕ್ಕೆ ಎಷ್ಟು ಕಳೀತಾರೆ ಅಂತ ತೂಕಕ್ಕೆ ಮೊದಲೇ ಮಾತಾಡಿ. ಐದು, ಕಾಟಾದ ಡಿಸ್‌ಪ್ಲೇ, ಕಂಪ್ಯೂಟರ್ ಸ್ಕ್ರೀನ್, ಕೈಗೆ ಬಂದ ಪಟ್ಟಿ, ಈ ಮೂರೂ ಒಂದೇನಾ ಅಂತ ಒಂದೆರಡು ಚೀಲಕ್ಕಾದರೂ ತಾಳೆ ನೋಡಿ. ಜೇಬಿನಲ್ಲಿ ಸ್ಮಾರ್ಟ್‌ಫೋನ್ ಇದೆ, ಡಿಸ್‌ಪ್ಲೇ ಫೋಟೊ ಹೊಡ್ಕೊಳ್ಳಿ. ಅಪ್ಪನ ಪುಸ್ತಕದ ಕೆಲಸ ಅದು ಮಾಡಲಿ.

ಬೇಡ ಅನ್ನೋರ ಮಾತು

ನಾನು ಈ ವಿಷಯ ಎತ್ತಿದಾಗಲೆಲ್ಲ ಮೂರು ಉತ್ತರ ಕೇಳಿದ್ದೀನಿ.

'ಖರ್ಚು ಯಾರು ಕೊಡ್ತಾರೆ?' ಪೋರ್ಟ್ ಇರೋ ಕಾಟಾಗೆ ಕೇಬಲ್, ಕನ್ವರ್ಟರ್ ಸೇರಿ ಒಂದು ಚೀಲ ಮೆಣಸಿನಕಾಯಿಯ ಬೆಲೆಯೂ ಆಗಲ್ಲ. ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ ಕಾಟಾದಿಂದ ತೂಕ ತಗೊಳ್ಳೋ ಸೌಲಭ್ಯ ಇದೆಯಾ ಅಂತ ಅದನ್ನ ಕೊಟ್ಟವರನ್ನ ಒಂದು ಸಲ ಕೇಳಿದರೆ ಆಯ್ತು. ಎಷ್ಟೋ ಕಡೆ ಇರುತ್ತೆ, ಯಾರೂ ಆನ್ ಮಾಡಿರಲ್ಲ.

'ಕರೆಂಟ್ ಹೋದರೆ?' ಹೋಗುತ್ತೆ, ನಮ್ಮ ಕಡೆ ಕರೆಂಟಿನ ಕಥೆ ಹೇಳಬೇಕಿಲ್ಲ. ಆಗ ಮೊದಲಿನ ಹಾಗೆ ಚೀಟಿ ಬರೀರಿ, ಆದರೆ ಕೈಯಿಂದ ಹೊಡೆದ ತೂಕದ ಮುಂದೆ ಪಟ್ಟಿಯಲ್ಲಿ ಒಂದು ಗುರುತು ಬರಲಿ. ಯಾವುದು ಕಾಟಾ ಹೇಳಿದ್ದು, ಯಾವುದು ಮನುಷ್ಯ ಹೊಡೆದದ್ದು ಅಂತ ರೈತನಿಗೆ ಕಾಣಲಿ. ನನ್ನ ಮಟ್ಟಿಗೆ ಇಡೀ ಬೇಡಿಕೆಯಲ್ಲಿ ಇದೇ ದೊಡ್ಡದು.

'ನಮ್ಮ ಮೇಲೆ ನಂಬಿಕೆ ಇಲ್ಲೇನು?' ಇದು ಕಷ್ಟದ ಪ್ರಶ್ನೆ, ಯಾಕಂದರೆ ಕೇಳೋರು ಒಳ್ಳೆಯವರೇ. ಬಿತ್ತನೆ ಹೊತ್ತಿಗೆ ಸಾಲ ಕೊಟ್ಟಿರ್ತಾರೆ, ಮಗಳ ಮದುವೆಗೆ ಬಂದು ಅಕ್ಕಿಕಾಳು ಹಾಕಿರ್ತಾರೆ. ಅವರಿಗೆ ನನ್ನ ಉತ್ತರ: ನಂಬಿಕೆ ಇದೆ, ಅದಕ್ಕೇ ನಿಮ್ಮ ಅಂಗಡಿಗೇ ಬರ್ತೀವಿ. ಕೇಬಲ್ ಇದ್ದರೆ ನಿಮಗೂ ಲಾಭ. ತೂಕ ಹೆಚ್ಚಿಗೆ ಹೊಡೆದ ತಪ್ಪು ನಿಮ್ಮ ಜೇಬಿಗೂ ಬೀಳುತ್ತಲ್ಲ? ಗುಮಾಸ್ತರ ಕೆಲಸವೂ ಹೋಗಲ್ಲ. ಲಾಟ್ ನಂಬರ್, ರೈತನ ಹೆಸರು, ಚೀಲದ ಎಣಿಕೆ ನೋಡೋಕೆ ಮನುಷ್ಯ ಬೇಕೇ ಬೇಕು. ತಪ್ಪಿಗೆ ಬೈಸಿಕೊಳ್ಳೋದು ಮಾತ್ರ ಕಡಿಮೆಯಾಗುತ್ತೆ.

ಮಾಡೋರು ಯಾರು?

ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಐಟಿಐ, ಡಿಪ್ಲೊಮಾ ಓದಿ ಬೆಂಗಳೂರು, ಹುಬ್ಬಳ್ಳಿ ಕಡೆ ಕೆಲಸ ಹುಡುಕ್ತಿರೋ ಹುಡುಗ-ಹುಡುಗಿಯರು ಕಡಿಮೆ ಇಲ್ಲ. ಕೇಬಲ್ ಜೋಡಿಸೋದು, ಸೆಟ್ಟಿಂಗ್ ಹೊಂದಿಸೋದು, ಸುಗ್ಗಿಯಲ್ಲಿ ಕೆಟ್ಟಾಗ ಓಡಿ ಬರೋದು, ಇದು ಊರಲ್ಲೇ ಇದ್ದು ಮಾಡೋ ಕೆಲಸ. ಕಲಿಯೋಕೆ ಒಂದು ವಾರ ಸಾಕು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಮೂರೂ ಮಾರುಕಟ್ಟೆಯಲ್ಲಿ ಎಷ್ಟು ಕಾಟಾ ಇದ್ದಾವೆ ಅಂತ ಒಮ್ಮೆ ಲೆಕ್ಕ ಹಾಕಿ ನೋಡಿ.

ಶುರು ಮಾಡೋಕೆ ದೊಡ್ಡ ಮನವಿ, ಮೆರವಣಿಗೆ ಬೇಡ. ನಿಮ್ಮ ರೈತರ ಗುಂಪಿನ ಕಾಟಾದಿಂದ, ಇಲ್ಲಾ ನೀವು ಖಾಯಂ ಮಾಲು ಹಾಕೋ ಅಂಗಡಿಯಿಂದ ಶುರು ಮಾಡಿ. ಮೊದಲ ವಾರ ಕೇಬಲ್ ಇರಲಿ, ಚೀಟಿಯೂ ಇರಲಿ, ಎರಡನ್ನೂ ಸಂಜೆ ತಾಳೆ ನೋಡಿ. ವ್ಯತ್ಯಾಸ ಎಲ್ಲಿ ಬಂತು ಅಂತ ಇಬ್ಬರೂ ಕೂತು ನೋಡಿ. ಒಂದು ವಾರ ಸರಿ ಹೋದರೆ ಅಂಗಡಿಯವರೇ ಚೀಟಿ ಬಿಡ್ತಾರೆ.

ನಮ್ಮ ಅಂಗಡಿಯಲ್ಲಿ ಮಾತು ಮುಗಿದಿದೆ. ಯಜಮಾನರು 'ಈ ಸುಗ್ಗಿಗೆ ಮಾಡೇಬಿಡು' ಅಂದಿದ್ದಾರೆ. ಮೊನ್ನೆ ಹೋಗಿ ಅವರ ಕಾಟಾದ ಪೋರ್ಟನ್ನ ಒಣ ಬ್ರಷ್‌ನಿಂದ ಸ್ವಚ್ಛ ಮಾಡಿ, ಮ್ಯಾನ್ಯುಯಲ್ ಫೋಟೊ ಹೊಡೆದುಕೊಂಡು ಬಂದೆ. ಒಳಗಿಂದ ಒಂದು ಚಿಟಿಕೆ ಕೆಂಪು ಪುಡಿ ಉದುರಿತು, ಎರಡು ಸಲ ಸೀನಿದೆ.

ಅಪ್ಪ ಮಾತ್ರ ಜೇಬಿನ ಪುಸ್ತಕ ಬಿಟ್ಟಿಲ್ಲ. 'ನಿನ್ನ ಕೇಬಲ್ಲೂ ಇರ್ಲಿ, ನನ್ನ ಪೆನ್ನೂ ಇರ್ಲಿ' ಅಂತಾನೆ. ಈ ಸಲ ನಾನು ನಗಲಿಲ್ಲ.